ಸಾಂಕ್ರಾಮಿಕದ ಕಾಲದಲ್ಲಿ ಓಟಿ ನಡೆಸುವುದು ಹೇಗೆ

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ನಾನು ಓಟಿಯ (ಆಪರೇಷನ್ ಥಿಯೇಟರ್) ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಮುಂದೆ ಇಂಥ ದಿನ ಬಂದರೆ ಆ ಜಾಗದಲ್ಲಿ ಇರುವವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಆಪರೇಷನ್ ಪಟ್ಟಿ ಹಿಡಿದು ಸರ್ಜನ್ ಮತ್ತು ಅರಿವಳಿಕೆ ವೈದ್ಯರ ಜೊತೆ ಕೂರಿ. ಒಡೆದ ಅಪೆಂಡಿಕ್ಸ್, ರಕ್ತಸ್ರಾವ, ತುರ್ತು ಸಿಸೇರಿಯನ್ ಕಾಯುವುದಿಲ್ಲ. ಕ್ಯಾನ್ಸರ್ ಕಾದರೂ ಕೆಲವೇ ವಾರ. ನೋವಿಲ್ಲದ ಹರ್ನಿಯಾ, ಮಂಡಿ ಬದಲಾವಣೆಯನ್ನು ಮುಂದೂಡಬಹುದು. ಆದರೆ ಮುಂದೂಡಿದ ಪ್ರತಿ ಹೆಸರನ್ನೂ ಫೋನ್ ನಂಬರ್ ಸಮೇತ ಒಂದು ಪುಸ್ತಕದಲ್ಲಿ ಬರೆಯಿರಿ. ವಾರಕ್ಕೊಮ್ಮೆ ಒಬ್ಬರು ಫೋನ್ ಮಾಡಿ ವಿಚಾರಿಸಲೇಬೇಕು. ಕಾಯಬಹುದು ಎಂದು ನಾವು ಬರೆದಿದ್ದ ಹರ್ನಿಯಾ ಒಂದು ಸಿಕ್ಕಿಕೊಂಡು, ಕರುಳು ಕಪ್ಪಾಗಿ, ನಡುರಾತ್ರಿ ಬಂತು. ಅವರಿಗೆ ಮೂರು ವಾರದಿಂದ ನಮ್ಮವರು ಯಾರೂ ಫೋನ್ ಮಾಡಿರಲಿಲ್ಲ.

ಸೋಂಕಿತರಿಗೆ ಒಂದೇ ಥಿಯೇಟರ್ ಮೀಸಲಿಡಿ. ಹೊರಬಾಗಿಲಿಗೆ ಹತ್ತಿರದ್ದಾದರೆ ಒಳ್ಳೆಯದು. ಓಟಿಯಲ್ಲಿ ಗಾಳಿ ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ತಳ್ಳಲ್ಪಡುತ್ತದೆ. ಗಾಯಕ್ಕೆ ಅದು ಹಿತ, ಕಾರಿಡಾರಿನಲ್ಲಿ ನಿಂತವರಿಗೆ ಅಪಾಯ. ಎಸಿ ನೋಡಿಕೊಳ್ಳುವ ಎಂಜಿನಿಯರನ್ನು ಮೊದಲ ದಿನವೇ ಕರೆಸಿ, ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎಂದು ಕೇಳಿ. 15 ಸಲವಾದರೆ ತೇಲುವ ಕಣಗಳಲ್ಲಿ ನೂರಕ್ಕೆ 99 ಪಾಲು ಹೋಗಲು ಸುಮಾರು 18 ನಿಮಿಷ ಬೇಕು, 20 ಸಲವಾದರೆ 14. ರೋಗಿಯ ಗಂಟಲಿಗೆ ಉಸಿರಾಟದ ಟ್ಯೂಬ್ ಹಾಕಿದ ಮೇಲೆ, ತೆಗೆದ ಮೇಲೆ ಅಷ್ಟು ಹೊತ್ತು ಅರಿವಳಿಕೆ ತಂಡ ಬಿಟ್ಟು ಉಳಿದವರೆಲ್ಲ ಹೊರಗಿರಬೇಕು. ಅವಸರ ಮಾಡುವ ಸರ್ಜನ್‌ಗೂ ಇದನ್ನೇ ಹೇಳಿ. ನಾನು ಬಾಗಿಲ ಹೊರಗೊಂದು ಗಡಿಯಾರ ಹಾಕಿಸಿದ ಮೇಲೆ ವಾದ ನಿಂತಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದಾದ ಕೇಸಿಗೆ ಟ್ಯೂಬ್ ಬೇಡವೇ ಬೇಡ.

ಪಿಪಿಇ (ಸೋಂಕಿನಿಂದ ಕಾಯುವ ಉಡುಪು, ಮಾಸ್ಕ್) ಕಳಚುವಾಗ ತುಂಬ ಎಚ್ಚರ ಬೇಕು. ಸುಸ್ತಾಗಿರುತ್ತೇವೆ, ಬೆವರಿಳಿಯುತ್ತಿರುತ್ತದೆ, ಕೈ ತಾನಾಗಿ ಮುಖಕ್ಕೆ ಹೋಗುತ್ತದೆ. ಒಬ್ಬರು ಎದುರು ನಿಂತು ಒಂದೊಂದೇ ಹಂತ ಓದಿ ಹೇಳಲಿ. ಎನ್-95 ಮಾಸ್ಕ್ ತೆಗೆಯುವುದು ಕೊನೆಗೆ, ಥಿಯೇಟರ್‌ನಿಂದ ಹೊರಬಂದ ಮೇಲೆ.

ಮುಖದ ಶೀಲ್ಡ್ ಒಳಗಿಂದ ಮಾತು ಕೇಳಿಸುವುದಿಲ್ಲ. ಗೌನ್ ಮೇಲೆ ಹೆಸರು ಬರೆಯಿರಿ, ಬೇಕಾದ ಸಾಮಾನು ತಂದುಕೊಡುವ ಹೊರಗಿನ ರನ್ನರ್‌ಗೆ ಗಾಜಿನಿಂದ ತೋರಿಸಲು ಬಿಳಿ ಬೋರ್ಡ್ ಇಡಿ.

ಸೋಂಕು ತಗುಲಿದವರಿಗೆ ಸಾಧ್ಯವಿದ್ದರೆ 7 ವಾರ ಬಿಟ್ಟು ಆಪರೇಷನ್ ಮಾಡುವುದು ಕ್ಷೇಮ ಎಂದು 2021ರಲ್ಲಿ 116 ದೇಶಗಳ ರೋಗಿಗಳ ಅಧ್ಯಯನ ಹೇಳಿತು. ಆ ದಿನಾಂಕವೂ ಅದೇ ಪುಸ್ತಕದಲ್ಲಿ ಹೆಸರಿನ ಮುಂದೆ ಇರಲಿ. ಪಟ್ಟಿ ಮತ್ತೆ ತೆರೆದ ದಿನ ಮೊದಲ ಫೋನ್ ಮೊದಲು ಹೆಸರು ಬರೆಸಿದವರಿಗಲ್ಲ, ಹೆಚ್ಚು ನರಳುತ್ತಿರುವವರಿಗೆ ಹೋಗಲಿ.