ಬ್ಯಾಂಕಾಕ್‌ನಲ್ಲಿ ಕಾರ್ಡ್ ಓಡಲಿಲ್ಲ, ಸರಿ ಮಾಡಿದ್ದು ಹೀಗೆ

ದಾವಣಗೆರೆಯಲ್ಲಿ ದಿನಾ ಓಡುವ ಡೆಬಿಟ್ ಕಾರ್ಡ್ ಬ್ಯಾಂಕಾಕ್‌ನ ಎಟಿಎಂನಲ್ಲಿ ಓಡಲಿಲ್ಲ. ಪಿನ್ ತಗೊಳ್ಳುತ್ತೆ, ಆಮೇಲೆ ‘ಡಿಕ್ಲೈನ್ಡ್’ ಅಂತ ಬರುತ್ತೆ. ಖಾತೆಯಲ್ಲಿ ದುಡ್ಡು ಇತ್ತು.

ಬೇರೆ ಮೂರು ಎಟಿಎಂ ನೋಡಿದೆ. ಕಾರ್ಡನ್ನು ಆ್ಯಪ್‌ನಲ್ಲಿ ಆಫ್ ಮಾಡಿ ಆನ್ ಮಾಡಿದೆ. ತಮ್ಮನನ್ನು ಊರಿನ ಶಾಖೆಗೆ ಕಳಿಸಿದೆ, ಕಾರ್ಡ್ ಸರಿ ಇದೆ ಅಂದರಂತೆ. ಯಾವುದೂ ಆಗಲಿಲ್ಲ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2020ರಿಂದ ಹೊಸ ಕಾರ್ಡ್‌ಗಳು ಭಾರತದೊಳಗೆ ಮಾತ್ರ ಚಾಲೂ ಇರುತ್ತವೆ, ಹೊರದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ಅದಕ್ಕೆ ಓಟಿಪಿ ಬೇಕು, ಓಟಿಪಿ ಬರೋದು ಊರಿನ ಸಿಮ್‌ಗೆ. ಹಾಗಾಗಿ ಮೊದಲು ಹೋಟೆಲ್ ವೈಫೈನಲ್ಲಿ ಆ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿದೆ. ಆಮೇಲೆ ಬ್ಯಾಂಕ್ ಆ್ಯಪ್‌ನ ಕಾರ್ಡ್ ಸೆಟ್ಟಿಂಗ್‌ನಲ್ಲಿ ‘ಇಂಟರ್‌ನ್ಯಾಷನಲ್’ ಆನ್ ಮಾಡಿದೆ. ಆದರೂ ದುಡ್ಡು ಬರಲಿಲ್ಲ! ಅದರ ಕೆಳಗೆ ಎಟಿಎಂ, ಅಂಗಡಿ, ಆನ್‌ಲೈನ್ ಅಂತ ಮೂರು ಬೇರೆ ಬೇರೆ ಸ್ವಿಚ್ ಇದ್ದವು, ಎಟಿಎಂ ಸ್ವಿಚ್ ಹಸಿರಾಗಿದ್ದರೂ ಪಕ್ಕದ ದಿನದ ಮಿತಿ 0 ಅಂತಲೇ ಇತ್ತು. ಅದನ್ನು 25,000 ಮಾಡಿ ಸೇವ್ ಒತ್ತಿದೆ, ಓಟಿಪಿ ಹಾಕಿದೆ. ಮುಂದಿನ ಸಲ ನೋಟು ಬಂತು.

ಇನ್ನೊಂದು, ಇದು ಮುಖ್ಯ. ದುಡ್ಡು ಬರುವ ಮುಂಚೆ ಮಷಿನ್ ರೂಪಾಯಿಯಲ್ಲಿ ಲೆಕ್ಕ ತೋರಿಸಿ ಒಪ್ಪಿಗೆ ಕೇಳುತ್ತೆ. ಒಪ್ಪಬೇಡಿ, ‘ವಿದೌಟ್ ಕನ್ವರ್ಷನ್’ ಒತ್ತಿ. ಒಪ್ಪಿದರೆ ಬಾತ್ (ಥಾಯ್ಲೆಂಡ್‌ನ ದುಡ್ಡು) ರೂಪಾಯಿಗೆ ಬದಲಾಗೋದು ಎಟಿಎಂನವರು ಹೇಳಿದ ದರದಲ್ಲೇ, ಸುಮ್ನೆ ಜಾಸ್ತಿ ಹೋಗುತ್ತೆ. ಅಂಗಡಿಯಲ್ಲೂ ಬಾತ್‌ನಲ್ಲೇ ಬಿಲ್ ಹಾಕಿಸಿ. ಅಲ್ಲಿನ ಎಟಿಎಂ ಪ್ರತಿ ಸಲಕ್ಕೂ 200 ಬಾತ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತಿತ್ತು, ಅದಕ್ಕೆ ಚೂರು ಚೂರು ತೆಗೆಯದೆ ಒಂದೇ ಸಲ ತೆಗೆದೆ.

ಊರಿಗೆ ಬಂದ ದಿನವೇ ಮೂರೂ ಸ್ವಿಚ್ ಆಫ್ ಮಾಡಿದೆ.