ತೂಕ ಇಳಿದ ಮೇಲೆ ಜೋತ ಚರ್ಮ: ಮೊದಲು ಮಡಿಕೆ ಒಣಗಲಿ

ಎರಡೂವರೆ ವರ್ಷದಲ್ಲಿ ನಾನು 112 ಕೆಜಿಯಿಂದ 70 ಕೆಜಿಗೆ ಇಳಿದೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂತು, ಮೊಣಗಂಟು ನೋವು ಹೋಯಿತು. ಆದರೆ ಹೊಟ್ಟೆಯ ಚರ್ಮ ಮಾತ್ರ, ಮಡಿಲಲ್ಲಿ ಸೌತೆಕಾಯಿ ಕಟ್ಟಿಕೊಂಡ ಹಾಗೆ ಕೆಳಗೆ ಜೋತು ಬಿತ್ತು. ನನ್ನ ಅಕ್ಕ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು 50 ಕೆಜಿ ಕಳೆದುಕೊಂಡಳು. ಅವಳಿಗೂ ಅದೇ ಪಾಡು. ಈಗ ಬದಿಯಡ್ಕದಿಂದ ಉಪ್ಪಳದವರೆಗೆ ಯಾವ ಮದುವೆ ಮನೆಗೆ ಹೋದರೂ, ಕೈ ತೊಳೆಯುವ ಜಾಗದಲ್ಲಿ ಒಬ್ಬರಾದರೂ ಹತ್ತಿರ ಬಂದು ಮೆಲ್ಲ ಕೇಳುತ್ತಾರೆ: "ಇದಕ್ಕೆ ಯಾವ ಕ್ರೀಮು ಒಳ್ಳೆಯದು?"

ಎಡವುವುದು ಅಲ್ಲೇ. ಎಲ್ಲರೂ ಚರ್ಮ ಬಿಗಿ ಮಾಡುವ ದಾರಿ ಹುಡುಕುತ್ತಾರೆ. ಹೊಟ್ಟೆಯ ಮಡಿಕೆ ಎತ್ತಿ ತೋರಿಸಿ ಅಂದರೆ ಒಳಗೆ ಚರ್ಮ ಕೆಂಪಾಗಿ, ಬೆಂದ ಹಾಗೆ ಆಗಿರುತ್ತದೆ. ನೀರು ಒಸರುತ್ತಾ ಇರುತ್ತದೆ, ವಾಸನೆ ಬರುತ್ತಾ ಇರುತ್ತದೆ. ಅದನ್ನು ಯಾರಿಗೂ ಹೇಳಿರುವುದಿಲ್ಲ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲೇ ಬರೆಯುತ್ತೇನೆ.

ಚರ್ಮ ಯಾಕೆ ಜೋಲುತ್ತದೆ ಎಂಬುದನ್ನು ಒಂದು ಮಾತಿನಲ್ಲಿ ತಿಳಿದುಕೊಳ್ಳಿ. ಚರ್ಮದ ಒಳಪದರದಲ್ಲಿ ಕೊಲಾಜನ್ ಮತ್ತು ಇಲಾಸ್ಟಿನ್ ಎಂಬ ಎಳೆಗಳಿವೆ. ಹತ್ತಾರು ವರ್ಷ ಹಿಗ್ಗಿಯೇ ಇದ್ದರೆ ಆ ಎಳೆಗಳು ಹಾಳಾಗುತ್ತವೆ. ಹಳೆಯ ಲಂಗದ ಇಲಾಸ್ಟಿಕ್ ಹಾಗೆ, ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ವಯಸ್ಸು, ಬಿಸಿಲು, ಬೀಡಿ ಸಿಗರೇಟು ಸೇರಿದರೆ ಇನ್ನೂ ಜಾಸ್ತಿ. ಇದು ನಿಮ್ಮ ತಪ್ಪಲ್ಲ. ವ್ಯಾಯಾಮ ಕಡಿಮೆ ಮಾಡಿದ್ದಕ್ಕೆ ಹೀಗಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲ ಹೆಜ್ಜೆ: ಮಡಿಕೆಯ ಒಳಗೆ ಒಣಗಿಸುವುದು

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದಲ್ಲಿ ಹಾಕಿದ ಬಟ್ಟೆ ಮೂರು ದಿನವಾದರೂ ತಂಪು. ಬೇಸಿಗೆಯಲ್ಲಿ ಕೂತಲ್ಲೇ ಬೆವರು. ಚರ್ಮಕ್ಕೆ ಚರ್ಮ ಅಂಟಿಕೊಂಡ ಜಾಗದಲ್ಲಿ ಗಾಳಿ ಇಲ್ಲ, ಶಾಖ ಇದೆ, ತೇವ ಇದೆ, ಉಜ್ಜಾಟವೂ ಇದೆ. ಬೂಷ್ಟು ಬೆಳೆಯಲು ಇನ್ನೇನು ಬೇಕು? ಹೊಟ್ಟೆಯ ಕೆಳಗೆ, ಮೊಲೆಯ ಕೆಳಗೆ, ತೊಡೆಸಂದಿ, ಕಂಕುಳು, ಮಡಚಿಕೊಂಡ ಹೊಕ್ಕುಳು, ಇವೆಲ್ಲ ಅಂಥ ಜಾಗಗಳೇ.

ತೊಳೆಯುವುದು ಹೀಗೆ. ಉಗುರು ಬೆಚ್ಚಗಿನ ನೀರು ಸಾಕು. ಹಂಡೆಯ ಕುದಿ ನೀರು ಬೇಡ. ಒಂದು ಕೈಯಲ್ಲಿ ಮಡಿಕೆಯನ್ನು ಪೂರ್ತಿ ಮೇಲಕ್ಕೆ ಎತ್ತಿ, ಇನ್ನೊಂದು ಕೈಯ ಬೆರಳಿನಿಂದಲೇ ತೊಳೆಯಿರಿ. ಪೀರೆಯ ನಾರು, ಬ್ರಷ್ಷು ಹತ್ತಿರ ತರಬೇಡಿ. ಸೋಪು ಸ್ವಲ್ಪವೇ, ಅದೂ ಸೌಮ್ಯವಾದದ್ದು. ಸೋಪಿನ ಜಾರು ಪೂರ್ತಿ ಹೋಗುವವರೆಗೆ ನೀರು ಹಾಕಿ. ಉಳಿದ ಸೋಪೇ ಎಷ್ಟೋ ಜನರಿಗೆ ಉರಿ ತರುತ್ತದೆ. ಮಳೆಗಾಲದಲ್ಲಿ ನಾನು ದಿನಕ್ಕೆ ಎರಡು ಸಲ ತೊಳೆಯುತ್ತೇನೆ.

ಇನ್ನು ಒಣಗಿಸುವುದು. ಇಲ್ಲೇ ಹತ್ತರಲ್ಲಿ ಒಂಬತ್ತು ಜನ ಕೆಡಿಸುವುದು. ಬೈರಾಸು ತೆಗೆದುಕೊಂಡು ಬರಬರ ಉಜ್ಜಿ, ಮೇಲಿಂದ ನೈಟಿ ಹಾಕಿ ಅಡುಗೆಮನೆಗೆ ಓಡುತ್ತಾರೆ. ಹಾಗೆ ಮಾಡಬೇಡಿ. ಹಳೆಯ ಮೆತ್ತನೆಯ ಹತ್ತಿ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಉಜ್ಜಬಾರದು. ಆಮೇಲೆ ಹಾಸಿಗೆಯ ಮೇಲೆ ಅಂಗಾತ ಮಲಗಿ, ಮಡಿಕೆ ಎತ್ತಿ ಹಿಡಿದು, ಟೇಬಲ್ ಫ್ಯಾನಿನ ಗಾಳಿ ನೇರ ಒಳಗೆ ಬೀಳುವ ಹಾಗೆ ಮಾಡಿ. ಐದು ನಿಮಿಷ. ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ ಹಾಕಿ ಒಂದು ಹಾಡು ಮುಗಿಯುವವರೆಗೆ ಹಾಗೇ ಇರುವುದು ನನ್ನ ಲೆಕ್ಕ. ಕರೆಂಟು ಇಲ್ಲದಿದ್ದರೆ ಬೀಸಣಿಗೆ. ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯಲ್ಲಿ ಮಾತ್ರ. ಬಿಸಿ ಗಾಳಿ ಆ ಎಳೆ ಚರ್ಮವನ್ನು ಸುಟ್ಟುಬಿಡುತ್ತದೆ.

ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಟಿಶ್ಯೂ ಕಾಗದವನ್ನು ಮಡಿಕೆಯ ತುದಿಯಲ್ಲಿ, ಚರ್ಮ ಸೇರುವ ಗೆರೆಯಲ್ಲಿ ಒತ್ತಿ ತೆಗೆಯಿರಿ. ಕಾಗದ ಅಂಟಿ ಎಳೆ ಬಿಟ್ಟರೆ ಇನ್ನೂ ತೇವ ಇದೆ. ಗರಿಗರಿಯಾಗಿ ಹಾಗೇ ಬಂದರೆ ಸರಿ.

ಆಮೇಲೆ ಬಟ್ಟೆಯ ಪಟ್ಟಿ. ನಾಲ್ಕು ಬೆರಳು ಅಗಲದ, ಒಂದೇ ಪದರದ ಹತ್ತಿ ಬಟ್ಟೆಯನ್ನು ಮಡಿಕೆಯ ಒಳಗೆ ಹಾಸಿ. ಅಂಚು ಎರಡು ಇಂಚಾದರೂ ಹೊರಗೆ ಇಣುಕಬೇಕು. ಹಾಗಿದ್ದರೆ ಒಳಗಿನ ತೇವ ಬಟ್ಟೆಯಲ್ಲಿ ಹರಿದು ಹೊರಗೆ ಬಂದು ಆರುತ್ತದೆ. ಉಂಡೆ ಮಾಡಿ ತುರುಕಿದರೆ ಪ್ರಯೋಜನವಿಲ್ಲ, ಒದ್ದೆ ಬಟ್ಟೆಯನ್ನೇ ಒಳಗೆ ಇಟ್ಟ ಹಾಗಾಗುತ್ತದೆ. ಪಟ್ಟಿ ತೇವವಾದ ಕೂಡಲೇ ಬದಲಿಸಿ. ನಾನು ಕೆಲಸಕ್ಕೆ ಹೋಗುವಾಗ ಒಂದು ಜಿಪ್ ಚೀಲದಲ್ಲಿ ನಾಲ್ಕು ಒಣ ಪಟ್ಟಿ, ಒದ್ದೆಯಾದದ್ದಕ್ಕೆ ಇನ್ನೊಂದು ಚೀಲ ಒಯ್ಯುತ್ತೇನೆ. ಮಳೆಗಾಲದಲ್ಲಿ ಪ್ರತಿ ಪಟ್ಟಿಗೂ, ಒಳಉಡುಪಿಗೂ ಇಸ್ತ್ರಿ ಹಾಕಿ. ಅರೆ ಒಣಗಿದ ಬಟ್ಟೆ ಹಾಕಿಕೊಂಡರೆ ಮೇಲೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಪೌಡರ್ ಹಾಕಬೇಡಿ. ಟಾಲ್ಕಂ ಪೌಡರ್ ಬೆವರಿಗೆ ಸೇರಿ ಉಂಡೆಯಾಗುತ್ತದೆ, ಮರಳಿನ ಹಾಗೆ ಕೊರೆಯುತ್ತದೆ. ತೆಂಗಿನೆಣ್ಣೆ ನಮ್ಮಲ್ಲಿ ಸರ್ವರೋಗಕ್ಕೂ ಮದ್ದು. ಒಣಗಿದ ಕೈಕಾಲಿಗೆ ಧಾರಾಳ ಹಚ್ಚಿ, ನಾನೂ ಹಚ್ಚುತ್ತೇನೆ. ಮಡಿಕೆಯ ಒಳಗೆ ಮಾತ್ರ ಬೇಡ, ಅದು ತೇವವನ್ನು ಅಲ್ಲೇ ಕಟ್ಟಿಹಾಕುತ್ತದೆ. ಉಜ್ಜಿ ಉಜ್ಜಿ ಕೆಂಪಾಗುವವರು ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು, ಮಕ್ಕಳ ಡಯಾಪರ್ ಜಾಗಕ್ಕೆ ಹಚ್ಚುತ್ತಾರಲ್ವಾ ಅದನ್ನು, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಹಚ್ಚಬಹುದು.

ಮೂರು ದಿನಕ್ಕೆ ವಾಸಿ ಮಾಡುವ ಟ್ಯೂಬು

ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ನಾನೇ ಅನುಭವಿಸಿದ್ದೇನೆ. ಎರಡನೇ ಮಳೆಗಾಲದಲ್ಲಿ ತುರಿಕೆ ತಡೆಯಲಾಗದೆ ಒಂದು ಔಷಧಿ ಅಂಗಡಿಗೆ ಹೋದೆ. ಜಾಗ ತೋರಿಸಲು ನಾಚಿಕೆ. "ತುರಿಕೆಗೆ ಏನಾದರೂ ಕೊಡಿ" ಅಂದೆ, ಒಂದು ಟ್ಯೂಬು ಕೊಟ್ಟರು. ಮೂರೇ ದಿನದಲ್ಲಿ ತುರಿಕೆ ಮಾಯ! ಖುಷಿಯಿಂದ ಹಚ್ಚುತ್ತಾ ಹೋದೆ. ಒಂದು ತಿಂಗಳಲ್ಲಿ ಕೆಂಪು ಕಲೆ ಎರಡು ಪಾಲು ಹರಡಿ ವಾಪಸು ಬಂತು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು, ಕೆಳಗಿನ ನೀಲಿ ನರ ಕಾಣುತ್ತಿತ್ತು. ಚರ್ಮದ ಡಾಕ್ಟರು ಟ್ಯೂಬು ನೋಡಿದ ಕೂಡಲೇ ಹೇಳಿದರು, ಅದರಲ್ಲಿ ಬಲವಾದ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಉರಿಯನ್ನು ಅಡಗಿಸುತ್ತದೆ, ಬೂಷ್ಟು ಒಳಗೊಳಗೇ ಬೆಳೆಯುತ್ತದೆ. ಮಡಿಕೆಯ ಚರ್ಮ ಮದ್ದನ್ನು ಬೇರೆ ಜಾಗಕ್ಕಿಂತ ಜಾಸ್ತಿ ಹೀರುವುದರಿಂದ ಅಲ್ಲಿ ಹಾನಿಯೂ ಬೇಗ.

ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಡಾಕ್ಟರು ಹೇಳದೆ ಹಚ್ಚಬೇಡಿ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರಕಾರ 2018ರಲ್ಲೇ ನಿಯಮ ಮಾಡಿದೆ. ಕೆಂಪಿನ ಸುತ್ತ ಸಣ್ಣ ಸಣ್ಣ ಚುಕ್ಕೆ ಹರಡಿದ್ದರೆ ಅದು ಹೆಚ್ಚಾಗಿ ಬೂಷ್ಟೇ. ಅದಕ್ಕೆ ಕ್ಲೋಟ್ರಿಮಜೋಲ್‌ನಂಥ ಬೂಷ್ಟು ನಿವಾರಕ ಬೇಕು. ಕೆಲವು ವಾರ ಹಚ್ಚಬೇಕು, ತುರಿಕೆ ನಿಂತಿತು ಎಂದು ನಡುವೆ ಬಿಡಬಾರದು. ಕೀವು, ಜ್ವರ, ಬಿಸಿಯಾಗಿ ಹರಡುವ ಕೆಂಪು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಒಂದು ರಾತ್ರಿಯೂ ಕಾಯಬೇಡಿ.

ನಮ್ಮ ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಡಾಕ್ಟರಿಗೆ ಕನ್ನಡ ಬರುವುದಿಲ್ಲ. ನಾಚಿಕೆಯ ಜೊತೆ ಭಾಷೆಯೂ ಸೇರಿ ಹೆಂಗಸರು ಅರ್ಧ ಮಾತು ನುಂಗಿಕೊಂಡು ಬರುತ್ತಾರೆ. ಮಲಯಾಳದಲ್ಲಿ "ಚೊರಿಚ್ಚಿಲ್" ಅಂದರೆ ತುರಿಕೆ. ಆ ಒಂದು ಶಬ್ದ ಹೇಳಿ, ಮಡಿಕೆ ಎತ್ತಿ ತೋರಿಸಿ. ಅವರು ದಿನಾ ನೋಡುವಂಥದ್ದೇ ಅದು. ಪ್ರತಿ ಸಲ ಕೆಂಪಾದಾಗ ಮೊಬೈಲಿನಲ್ಲಿ ತಾರೀಕು ಸಮೇತ ಫೋಟೋ ತೆಗೆದಿಡಿ, ಚೀಟಿಗಳನ್ನು ಒಂದೇ ಫೈಲಿನಲ್ಲಿ ಹಾಕಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡನೇ ಹೆಜ್ಜೆ: ಬಟ್ಟೆ

ಲಂಗದ ಲಾಡಿ ಬಿಗಿದು ಕಟ್ಟುವುದನ್ನು ಇವತ್ತೇ ಬಿಡಿ. ಅದು ಸರಿಯಾಗಿ ಮಡಿಕೆಯ ಗೆರೆಯಲ್ಲೇ ಕೂತು ಕೊಯ್ಯುತ್ತದೆ. ಅಗಲ ಪಟ್ಟಿಯ ಲಂಗ ಹೊಲಿಸಿ. ಹೊಟ್ಟೆಯನ್ನು ಒಳಗೆ ಎತ್ತಿ ಹಿಡಿಯುವ, ಹೊಕ್ಕುಳಿನ ಮೇಲೆವರೆಗೆ ಬರುವ ಹತ್ತಿಯ ಒಳಉಡುಪು ಹಾಕಿ. ನಡೆಯುವಾಗ ತೊಡೆ ಉಜ್ಜದಂತೆ ಮೊಣಕಾಲುವರೆಗಿನ ಬಿಗಿ ಚಡ್ಡಿ. ಬೆವರು ಬರಿಸುವ ರಬ್ಬರ್ ಬೆಲ್ಟು ಮಾತ್ರ ದುಡ್ಡು ಕೊಟ್ಟು ಗಾಯ ತಂದುಕೊಂಡ ಹಾಗೆ.

ಮೂರನೇ ಹೆಜ್ಜೆ: ಒಳಗಿನಿಂದ ತುಂಬುವುದು

ಬೇಗ ತೂಕ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ವಾಪಸು ಬಂದರೆ ತೋಳು, ತೊಡೆ ಸ್ವಲ್ಪ ತುಂಬಿ ಕಾಣುತ್ತದೆ. ಜೋತ ಹೊಟ್ಟೆಗೆ ಇದರಿಂದ ಜಾಸ್ತಿ ಏನೂ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೂ ಮಾಡಿ. ಸುಮ್ನೆ ನಡೆದರೆ ಸಾಲದು, ಭಾರ ಎತ್ತಬೇಕು. ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದೂಡುವುದು, ನೀರು ತುಂಬಿದ ಬಾಟಲಿ ಎತ್ತುವುದು.

ಊಟದಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಮಾತ್ರ ಆದರೆ ಸ್ನಾಯು ಎಲ್ಲಿಂದ ಬರಬೇಕು? ಗಂಜಿಗೆ ಹುರುಳಿ ಅಥವಾ ಹೆಸರು ಸೇರಿಸಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಇದೆ, ಸಾರು ಮಾಡಿ, ಎಣ್ಣೆಯಲ್ಲಿ ಮುಳುಗಿಸಬೇಡಿ. ಕೊಲಾಜನ್ ಪುಡಿ ದುಬಾರಿ. ಹೊಟ್ಟೆಗೆ ಹೋದ ಮೇಲೆ ಅದೂ ಬೇರೆ ಪ್ರೊಟೀನಿನ ಹಾಗೇ ಒಡೆಯುತ್ತದೆ. ಆ ದುಡ್ಡಿಗೆ ಮೊಟ್ಟೆ ತನ್ನಿ. ಬಿಗಿ ಮಾಡುವ ಕ್ರೀಮುಗಳು ಚರ್ಮವನ್ನು ನುಣುಪು ಮಾಡಬಹುದು ಅಷ್ಟೇ, ಜೋತದ್ದನ್ನು ಎತ್ತುವುದಿಲ್ಲ. ಬ್ಯೂಟಿ ಕ್ಲಿನಿಕ್ಕಿನ ಶಾಖದ ಯಂತ್ರಗಳು ಅಲ್ಪಸ್ವಲ್ಪ ಸಡಿಲ ಇದ್ದವರಿಗೆ ಮಾತ್ರ.

ನಾಲ್ಕನೇ ಹೆಜ್ಜೆ: ಕಾಯುವುದು

ಜೋತ ಚರ್ಮ ತೆಗೆಸುವ ಆಪರೇಷನ್ನಿಗೆ ಮೊದಲು ತೂಕ ಕನಿಷ್ಠ ಆರು ತಿಂಗಳು ಒಂದೇ ಕಡೆ ನಿಲ್ಲಬೇಕು. ತೂಕ ಇಳಿಸುವ ಆಪರೇಷನ್ ಆದವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಇನ್ನೂ ಮಗು ಬೇಕು ಅನ್ನುವವರು ಹೆರಿಗೆ ಮುಗಿಯಲಿ.

ಕೊನೆಗೆ ಆಪರೇಷನ್, ಬೇಕಿದ್ದರೆ

ದೊಡ್ಡ ಮಡಿಕೆಯನ್ನು ತೆಗೆಯುವುದು ಆಪರೇಷನ್ ಒಂದೇ. ಲೈಪೋಸಕ್ಷನ್ ಅಲ್ಲ, ಅದು ಕೊಬ್ಬು ಹೀರುತ್ತದೆ, ಚರ್ಮ ಇನ್ನೂ ಜೋಲುತ್ತದೆ. ನಮಗೆ ಹತ್ತಿರ ಅಂದರೆ ಮಂಗಳೂರು, ಕಾಸರಗೋಡು ಪೇಟೆಯಿಂದ 50 ಕಿಲೋಮೀಟರ್. ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಓದಿದವರನ್ನು ಕೇಳಿಕೊಂಡು ಹೋಗಿ. ಗಾಯದ ಗೆರೆ ಸೊಂಟದ ಈ ಬದಿಯಿಂದ ಆ ಬದಿಯವರೆಗೆ ಇರುತ್ತದೆ, ಅಳಿಸಿ ಹೋಗುವುದಿಲ್ಲ. ಹೊಟ್ಟೆಗೆ ಮಾಡಿಸಿ, ತೋಳಿಗೆ ಬೇಡ. ತೋಳಿನ ಗೆರೆ ಎಲ್ಲರಿಗೂ ಕಾಣುತ್ತದೆ, ಅದಕ್ಕಿಂತ ಉದ್ದ ತೋಳಿನ ರವಿಕೆ ಒಳ್ಳೆಯದು. ನಾನು ಯಾವುದನ್ನೂ ಮಾಡಿಸಿಕೊಂಡಿಲ್ಲ. ಅಕ್ಕ ಹೊಟ್ಟೆಗೆ ಮಾಡಿಸಿಕೊಂಡಳು, ಅವಳಿಗೆ ಮಡಿಕೆಯಲ್ಲಿ ಗಾಯ ಮಾಯುತ್ತಲೇ ಇರಲಿಲ್ಲ.

ಅಂದಕ್ಕಾಗಿ ಮಾಡುವ ಆಪರೇಷನ್ನಿಗೆ ವಿಮೆ ದುಡ್ಡು ಕೊಡುವುದಿಲ್ಲ. ಆರೋಗ್ಯಕ್ಕೆ ನೇರ ತೊಂದರೆ ಇದೆ, ಇದು ಅಗತ್ಯ ಎಂದು ಡಾಕ್ಟರು ಬರೆದುಕೊಟ್ಟರೆ ಕೇಳಲು ದಾರಿ ಇದೆ. ಆ ಫೋಟೋ, ಆ ಚೀಟಿಗಳ ಫೈಲು ಬೇಕಾಗುವುದು ಇಲ್ಲೇ.

ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮೊದಲು ಸಿಗರೇಟು, ಬೀಡಿ ನಿಲ್ಲಬೇಕು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ಅದರಲ್ಲೂ ನಿಕೋಟಿನ್ ಇದೆ. ರಕ್ತನಾಳ ಬಿಗಿಯುತ್ತದೆ, ಹೊಲಿಗೆ ಬಿಚ್ಚಿಕೊಳ್ಳುತ್ತದೆ. ರಕ್ತ ಕಡಿಮೆ ಇದೆಯಾ ಎಂದು ಮೊದಲೇ ನೋಡಿಸಿ.

ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ, ಮಳೆಗಾಲ ಬೇಡವೇ ಬೇಡ. ಅಡಿಕೆ ಕೊಯ್ಲಿನ ಸಮಯವಾದ್ದರಿಂದ ತೋಟಕ್ಕೆ ಜನ ಮೊದಲೇ ಹೇಳಿಡಿ. ಅಕ್ಕನನ್ನು ಮೂರು ವಾರ ನಾನೇ ನೋಡಿಕೊಂಡೆ. ಗಾಯದ ಒಳಗಿನ ನೀರು ಹೊರಗೆ ಬರಲು ಎರಡು ಬದಿ ಎರಡು ನಳಿಗೆ ಇತ್ತು. ಬೆಳಿಗ್ಗೆ, ಸಂಜೆ ಬಂದ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಮೊದಲ ವಾರ ಅವಳು ಬಗ್ಗಿಯೇ ನಡೆದಳು, ಮೊಣಕಾಲ ಕೆಳಗೆ ದಿಂಬು ಇಟ್ಟು ಮಲಗಿದಳು. ಆದರೂ ಎರಡನೇ ದಿನದಿಂದಲೇ ಎಬ್ಬಿಸಿ ನಡೆಸಬೇಕು, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆ. ಆರು ವಾರ ಕೊಡಪಾನ ಎತ್ತಬಾರದು, ಬಾವಿಯಿಂದ ನೀರು ಸೇದಬಾರದು, ಮೊಮ್ಮಕ್ಕಳನ್ನು ಸೊಂಟದಲ್ಲಿ ಕೂರಿಸಬಾರದು. ಆರು ವಾರವೂ ಬಿಗಿ ಉಡುಪು ಹಾಕಿರಬೇಕು. ಅದನ್ನು ಎರಡು ತೆಗೆದುಕೊಳ್ಳಿ. ಒಂದು ಮೈಮೇಲೆ ಇರುವಾಗ ಇನ್ನೊಂದು ಫ್ಯಾನಿನ ಕೆಳಗೆ ಒಣಗುತ್ತಿರಲಿ.