ಗಿಟಾರ್ ಬಾಡಿಯ ಮರಕ್ಕೆ ಎಣ್ಣೆ ಹಚ್ಚಿದ ಮೇಲೆ ಎಷ್ಟು ಕಾಯಬೇಕು: ನನ್ನ ಅನುಭವ

ನಾನು ಕಟ್ಟುವ ಎಲೆಕ್ಟ್ರಿಕ್ ಗಿಟಾರ್‌ಗಳ ಬಾಡಿಯ ಮೇಲೆ ಲ್ಯಾಕರ್ ಹೊಡೆಯುವುದಿಲ್ಲ, ಎಣ್ಣೆಯನ್ನೇ ಹಚ್ಚುತ್ತೇನೆ. ಇದಕ್ಕೆ ಕಂಪ್ರೆಸರ್ ಬೇಡ, ಸ್ಪ್ರೇ ಗನ್ ಬೇಡ, ಹಳೆಯ ಹತ್ತಿ ಬಟ್ಟೆಯೊಂದಿದ್ದರೆ ಸಾಕು. ಮುಂದೆ ಗೀರು ಬಿದ್ದರೂ ಆ ಜಾಗವನ್ನಷ್ಟೇ ಉಜ್ಜಿ ಸರಿಪಡಿಸಬಹುದು. ಆದರೆ ಈ ಕೆಲಸದಲ್ಲಿ ಹಚ್ಚುವುದಕ್ಕಿಂತ ಕಾಯುವುದೇ ಹೆಚ್ಚು.

ಡಬ್ಬಿಯ ಮೇಲೆ 24 ಗಂಟೆ ಎಂದಿದ್ದರೆ, ಅಷ್ಟು ಹೊತ್ತಿಗೆ ಮುಂದಿನ ಕೋಟ್ ಹಚ್ಚಬಹುದು ಎಂದಷ್ಟೇ ತಿಳಿಯಬೇಕು. ತೆಳುವಾಗಲೆಂದು ಎಣ್ಣೆಗೆ ಬೆರೆಸಿದ ಟರ್ಪಂಟೈನ್ ಕೆಲವು ಗಂಟೆಗಳಲ್ಲಿ ಆವಿಯಾಗಿ ಹೋಗುತ್ತದೆ, ಎಣ್ಣೆ ಮಾತ್ರ ಆವಿಯಾಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಮೇಲಿನಿಂದ ಒಳಮುಖವಾಗಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ದಪ್ಪಗೆ ಹಚ್ಚಿದ ಎಣ್ಣೆಯ ಮೇಲೆ ಸುಕ್ಕುಗಟ್ಟಿದ ಕೆನೆ ಮೂಡಿ, ಅದರ ಅಡಿಯಲ್ಲಿ ಎಣ್ಣೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ.

ಹಸಿ ಅಗಸೆ ಎಣ್ಣೆ ತೀರಾ ನಿಧಾನವಾದ್ದರಿಂದ ಅದನ್ನು ನಾನು ಬಳಸುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಲಿನ್‌ಸೀಡ್ (ಅಗಸೆ) ಎಣ್ಣೆಗೆ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳನ್ನು ಬೆರೆಸಿರುವುದರಿಂದ ಅದರ ಮೇಲ್ಮೈ ಸುಮಾರು ಒಂದು ದಿನದಲ್ಲಿ ಒಣಗುತ್ತದೆ. ಆದರೂ ಕೊನೆಯ ಕೋಟ್ ಆದ ಮೇಲೆ ಮೂರು ನಾಲ್ಕು ವಾರ ಬಿಡುತ್ತೇನೆ. ಟಂಗ್ ಮರದ ಬೀಜದಿಂದ ತೆಗೆದ ಶುದ್ಧ ಟಂಗ್ ಎಣ್ಣೆಯಾದರೆ ಕೋಟ್‌ಗಳ ನಡುವೆಯೇ ಎರಡು ಮೂರು ದಿನ, ಕೊನೆಗೆ ಒಂದು ತಿಂಗಳಾದರೂ ಬೇಕು. ಬಂದೂಕಿನ ಹಿಡಿಗೆಂದು ತಯಾರಾಗುವ ಟ್ರೂ ಆಯಿಲ್ ಇವೆಲ್ಲಕ್ಕಿಂತ ಬೇಗ ಒಣಗುತ್ತದೆ. ಅದರಲ್ಲಿ ಒಂದೇ ದಿನಕ್ಕೆ ಎರಡು ಕೋಟ್ ಕೊಡಬಹುದಾದರೂ, ತಂತಿ ಕಟ್ಟುವ ಮುನ್ನ ಎರಡು ವಾರ ಕಾಯುತ್ತೇನೆ.

ಎಣ್ಣೆ ಹಚ್ಚಿ ಹದಿನೈದು ಇಪ್ಪತ್ತು ನಿಮಿಷದ ನಂತರ, ಮರ ಹೀರದೆ ಬಿಟ್ಟಿದ್ದನ್ನೆಲ್ಲ ಒರೆಸಿ ತೆಗೆಯಬೇಕು. ಮಹಾಗನಿಯಂಥ ದೊಡ್ಡ ರಂಧ್ರಗಳ ಮರದಲ್ಲಿ ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಒರೆಸಿದ ಅರ್ಧ ಗಂಟೆಯಲ್ಲಿ ರಂಧ್ರಗಳಿಂದ ಎಣ್ಣೆ ಮರಳಿ ಉಕ್ಕಿ, ಬಾಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸೂಜಿಮೊನೆಯಷ್ಟು ಸಣ್ಣ ಹನಿಗಳು ಸಾಲಾಗಿ ಹೊಳೆಯುತ್ತವೆ. ರಾತ್ರಿ ಹಾಗೆಯೇ ಬಿಟ್ಟರೆ ಅವು ಅಂಟುಅಂಟಾದ ಗುಳ್ಳೆಗಳಾಗಿ ಕೂತು, ಬ್ಲೇಡಿನಿಂದ ಕೆರೆದು ತೆಗೆಯಬೇಕಾಗುತ್ತದೆ. ಹೀಗಾಗಿ ಮೊದಲ ಕೋಟನ್ನು ಬೆಳಿಗ್ಗೆಯೇ ಹಚ್ಚಿ, ಹನಿ ಬರುವುದು ನಿಲ್ಲುವವರೆಗೆ ಮತ್ತೆ ಮತ್ತೆ ಒರೆಸುತ್ತಿರುತ್ತೇನೆ. ಒರೆಸಿದ ಬಟ್ಟೆಗಳನ್ನು ಎಂದಿಗೂ ಮುದ್ದೆ ಮಾಡಿ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೇ ಉಳಿದು, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು.

ನಮ್ಮಲ್ಲಿ ಸಿಗುವ ಬೀಟೆ ಮತ್ತು ತೇಗದ ಲೆಕ್ಕವೇ ಬೇರೆ. ಆಮ್ಲಜನಕದೊಂದಿಗಿನ ಈ ಕ್ರಿಯೆಗೆ ಅಡ್ಡಿಯಾಗುವ ವಸ್ತುಗಳು ಆ ಮರಗಳಲ್ಲೇ ಇರುವುದರಿಂದ, ಬೀಟೆಯ ಮೇಲೆ ಎಣ್ಣೆ ತಿಂಗಳು ಕಳೆದರೂ ಜಿಗುಟಾಗಿಯೇ ಇರಬಹುದು. ಅಂಥ ಮರಕ್ಕೆ ಮೊದಲು ಮೇಣ ತೆಗೆದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ತೆಳುವಾಗಿ ಹಚ್ಚಿ, ಅದು ಒಣಗಿದ ಮೇಲಷ್ಟೇ ಎಣ್ಣೆ ಕೊಡುತ್ತೇನೆ.

ಬೆಂಗಳೂರಿನ ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಹಿಡಿಯುವ ಕಾಲ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಸಾಲುವುದಿಲ್ಲವಾದ್ದರಿಂದ, ಮೇಲೆ ಹೇಳಿದ ವಾರಗಳು ಬರೀ ಅಂದಾಜು. ತೀರ್ಮಾನವನ್ನು ಮರದ ಮೇಲೆಯೇ ಪರೀಕ್ಷಿಸಿ ಮಾಡಬೇಕು. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಕೂರುವ ಗುಂಡಿಗೆ ಮೂಗು ಹತ್ತಿರ ಹಿಡಿದು ಮೂಸಿದಾಗ ಎಣ್ಣೆಯ ವಾಸನೆ ಬಂದರೆ ಇನ್ನೂ ಗಟ್ಟಿಯಾಗುತ್ತಿದೆ ಎಂದರ್ಥ. ನಾನು ಹೆಚ್ಚು ನಂಬುವುದು ಇನ್ನೊಂದು ಪರೀಕ್ಷೆಯನ್ನು: ಪಿಕ್‌ಗಾರ್ಡ್ (ಗೀರು ತಡೆಯುವ ತೆಳು ಹಲಗೆ) ಮುಚ್ಚುವ ಜಾಗದಲ್ಲಿ 600 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಸರಿ, ಪೇಪರಿಗೆ ಅಂಟು ಮೆತ್ತಿಕೊಂಡರೆ ಇನ್ನೊಂದು ವಾರ ಮುಟ್ಟುವುದಿಲ್ಲ. ಬಾಡಿಯ ಮೇಲ್ಭಾಗದಲ್ಲಿ ಚಾಚಿಕೊಂಡಿರುವ ಕೊಂಬುಗಳ ತುದಿಯಲ್ಲಿ ಮರದ ಎಳೆಗಳ ಬಾಯಿ ತೆರೆದಿದ್ದು ಹೆಚ್ಚು ಎಣ್ಣೆ ಕುಡಿದಿರುತ್ತದೆ; ಅಲ್ಲಿ ಬೆರಳೊತ್ತಿದರೂ ಗುರುತು ಮೂಡಬಾರದು. ಅವಸರದಲ್ಲಿ ಜೋಡಿಸಿದ ಗಿಟಾರಿನಲ್ಲಿ ಸ್ಟ್ಯಾಂಡಿನ ರಬ್ಬರ್, ಹೆಗಲಿಗೆ ಹಾಕುವ ಪಟ್ಟಿಯ ನೇಯ್ಗೆ ಎರಡೂ ಅಚ್ಚೊತ್ತಿಬಿಡುತ್ತವೆ.

ಗಿಟಾರ್ ಒಯ್ಯುವವರಿಗೂ ಒಂದು ಮಾತು ಹೇಳಿ ಕಳಿಸುತ್ತೇನೆ: ಮೊದಲ ಎರಡು ತಿಂಗಳು ಅದನ್ನು ಕೇಸಿನಲ್ಲಿ ಮುಚ್ಚಿಡದೆ, ಗಾಳಿ ಬೆಳಕು ಆಡುವ ಗೋಡೆಗೆ ತೂಗುಹಾಕಬೇಕು, ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆ ಹೆಚ್ಚು ಹಳದಿಗೆ ತಿರುಗುತ್ತದೆ.